ಮೇಳದ ಸಂಜೆಯ ಲೆಕ್ಕ ಮತ್ತು ಆರು ತಿಂಗಳ ನಂತರದ ಲೆಕ್ಕ

ಉದ್ಯೋಗ ಮೇಳ ಮುಗಿದ ಮಾರನೇ ದಿನ ಸುದ್ದಿಯಲ್ಲಿ ಸಾಮಾನ್ಯವಾಗಿ ಮೂರು ಅಂಕಿ ಇರುತ್ತವೆ. ಎಷ್ಟು ಕಂಪನಿಗಳು ಬಂದಿದ್ದವು, ಎಷ್ಟು ಜನ ಹೆಸರು ಬರೆಸಿದರು, ಎಷ್ಟು ಜನ ಆಯ್ಕೆಯಾದರು. ಈ ಮೂರನೇ ಅಂಕಿಯ ಒಳಗೆ ನಾಲ್ಕು ಬೇರೆ ಬೇರೆ ಗುಂಪುಗಳಿರುತ್ತವೆ. ‘ಮುಂದಿನ ಸುತ್ತಿಗೆ ಕರೆಯುತ್ತೇವೆ’ ಎಂದು ಹೇಳಿಸಿಕೊಂಡವರು ಒಂದು ಗುಂಪು. ಕೈಗೆ ಆಫರ್ ಲೆಟರ್ ಸಿಕ್ಕವರು ಇನ್ನೊಂದು. ನಿಜಕ್ಕೂ ಹೋಗಿ ಕೆಲಸಕ್ಕೆ ಸೇರಿದವರು ಮೂರನೆಯದು. ಆರು ತಿಂಗಳಾದ ಮೇಲೂ ಆ ಕೆಲಸದಲ್ಲಿ ಉಳಿದವರು ನಾಲ್ಕನೆಯದು. ಮೇಳದ ಸಂಜೆ ಗೊತ್ತಿರುವುದು ಮೊದಲ ಎರಡು ಮಾತ್ರ. ಉಳಿದ ಎರಡನ್ನು ತಿಳಿಯಬೇಕಾದರೆ ಯಾರಾದರೂ ತಿಂಗಳುಗಟ್ಟಲೆ ಫೋನ್ ಮಾಡಿ ವಿಚಾರಿಸಬೇಕು. ಅದು ಕಷ್ಟದ ಕೆಲಸ, ಫೋಟೋ ಬರುವ ಕೆಲಸವೂ ಅಲ್ಲ. ಹಾಗಾಗಿ ಹೆಚ್ಚಿನ ಕಡೆ ಅದು ನಡೆಯುವುದೇ ಇಲ್ಲ.

ಕೆಲಸ ಹುಡುಕುವವರ ಬದುಕು ಬದಲಾಗುವುದು ಆ ನಾಲ್ಕನೇ ಗುಂಪಿನ ಅಂಕಿಯಲ್ಲಿ. ಅದನ್ನು ಮುಂದಿಟ್ಟುಕೊಂಡು ನೋಡಿದರೆ ಉದ್ಯೋಗ ಮೇಳದ ಬಗ್ಗೆ, ನಿರುದ್ಯೋಗ ಭತ್ಯೆಯ ಬಗ್ಗೆ ನಾವು ಕೇಳುವ ಎಷ್ಟೋ ಮಾತುಗಳು ಸಡಿಲವಾಗುತ್ತವೆ. ‘ಸುಮ್ನೆ ದುಡ್ಡು ಕೊಡುವ ಬದಲು ಕೆಲಸ ಕೊಡಿಸಿ’ ಎಂಬ ಮಾತು ಅಂಥದ್ದೊಂದು. ಮೇಳ ಮತ್ತು ಭತ್ಯೆ ಎರಡನ್ನೂ ಎದುರುಬದುರು ನಿಲ್ಲಿಸುವ ಈ ವಾದ ಕೇಳಲು ಚೆನ್ನಾಗಿದೆ. ಆದರೆ ಇವು ಹುಟ್ಟಿದ್ದೇ ಜೋಡಿಯಾಗಿ. ಬೇರೆ ಮಾಡಿದಾಗ ಎರಡೂ ಸೋಲುತ್ತವೆ.

ಕೆಲಸವೂ ಖಾಲಿ, ಕೈಯೂ ಖಾಲಿ

ಒಂದು ಕಡೆ ಜನ ಸಿಗುತ್ತಿಲ್ಲ ಎಂದು ಕಂಪನಿಗಳು ಹೇಳುತ್ತವೆ. ಇನ್ನೊಂದು ಕಡೆ ಕೆಲಸ ಸಿಗುತ್ತಿಲ್ಲ ಎಂದು ಜನ ಅಲೆಯುತ್ತಾರೆ. ಎರಡೂ ನಿಜವೇ. ಎರಡೂ ಒಟ್ಟೊಟ್ಟಿಗೆ ಹೇಗೆ ಸಾಧ್ಯ ಎಂದು ವಿವರಿಸಿದ್ದಕ್ಕೆ ಪೀಟರ್ ಡೈಮಂಡ್, ಡೇಲ್ ಮಾರ್ಟೆನ್ಸನ್ ಮತ್ತು ಕ್ರಿಸ್ಟೋಫರ್ ಪಿಸ್ಸಾರಿಡೆಸ್ ಅವರಿಗೆ 2010ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಅವರು ಹೇಳಿದ್ದರ ತಿರುಳು ಇಷ್ಟು. ಕೆಲಸ ಹುಡುಕುವುದಕ್ಕೂ ಖರ್ಚಿದೆ, ಜನರನ್ನು ಹುಡುಕುವುದಕ್ಕೂ ಖರ್ಚಿದೆ. ಎಲ್ಲಿ ಏನು ಖಾಲಿ ಇದೆ ಎಂದು ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಓಡಾಟಕ್ಕೆ ದುಡ್ಡು ಬೇಕು, ಕಾಯುವುದಕ್ಕೆ ಸಮಯ ಬೇಕು. ಈ ಅಡೆತಡೆಯಿಂದಾಗಿ ಖಾಲಿ ಹುದ್ದೆ ಮತ್ತು ಖಾಲಿ ಕೂತ ಜನ ಅಕ್ಕಪಕ್ಕದಲ್ಲೇ ಇರುತ್ತಾರೆ, ಆದರೂ ಭೇಟಿಯಾಗುವುದಿಲ್ಲ.

ಉದ್ಯೋಗ ಮೇಳ ಈ ಖರ್ಚನ್ನು ಒಂದು ದಿನದ ಮಟ್ಟಿಗೆ ಇಳಿಸುತ್ತದೆ. ನಲವತ್ತು ಕಂಪನಿಗಳ ಬಾಗಿಲಿಗೆ ಹೋಗಬೇಕಾದವರು ಒಂದೇ ಮೈದಾನಕ್ಕೆ ಬರುತ್ತಾರೆ. ಪರಿಚಯದವರು ಇಲ್ಲದವರಿಗೂ ಎಚ್‌ಆರ್ ಎದುರು ಕೂರುವ ಅವಕಾಶ ಸಿಗುತ್ತದೆ. ನೌಕರಿಗಳು ಹೆಚ್ಚಾಗಿ ಪರಿಚಯ, ಶಿಫಾರಸಿನ ಮೇಲೆಯೇ ನಡೆಯುವ ಕಡೆ ಇದು ಸಣ್ಣ ಸಂಗತಿಯಲ್ಲ. ಆದರೆ ಮೇಳ ಹೊಸ ಹುದ್ದೆ ಹುಟ್ಟಿಸುವುದಿಲ್ಲ. ಇರುವ ಹುದ್ದೆಗೆ ಜನರನ್ನು ಜೋಡಿಸಲು ನೋಡುತ್ತದೆ, ಅಷ್ಟೇ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಎಲ್ಲ ಹುದ್ದೆಗಳೂ ಮೇಳಕ್ಕೆ ಬರುವುದಿಲ್ಲ. ಒಳ್ಳೆಯ ಸಂಬಳದ ಒಂದೇ ಒಂದು ಹುದ್ದೆಗೆ ನೂರಾರು ಅರ್ಜಿ ತಾನಾಗಿ ಬರುವಾಗ ಆ ಕಂಪನಿ ಮೇಳದಲ್ಲಿ ಟೇಬಲ್ ಹಾಕಬೇಕಾಗಿಲ್ಲ. ಮೇಳಕ್ಕೆ ಬಂದೇ ತೀರುವವರು ಯಾರೆಂದರೆ ಪ್ರತಿ ತಿಂಗಳೂ ಜನ ಬೇಕಾಗುವವರು. ಸೇಲ್ಸ್, ಡೆಲಿವರಿ, ಕಾಲ್ ಸೆಂಟರ್, ಸೆಕ್ಯುರಿಟಿ, ಕಾರ್ಖಾನೆಯ ಲೈನ್ ಕೆಲಸ. ಇಲ್ಲಿ ಜನ ಬೇಗ ಬಿಟ್ಟು ಹೋಗುತ್ತಾರೆ, ಅದಕ್ಕೇ ಸದಾ ಜನ ಬೇಕು. ಈ ಕೆಲಸಗಳು ಕೀಳು ಎಂದು ನಾನು ಹೇಳುತ್ತಿಲ್ಲ. ಆದರೆ ನಾಲ್ಕು ವರ್ಷ ಓದಿ ಬಂದವರು ಮೇಳದಿಂದ ನಿರಾಸೆಯಲ್ಲಿ ವಾಪಸ್ ಹೋಗುವುದಕ್ಕೆ ಕಾರಣ ಅವರ ಸೊಕ್ಕು ಎಂದು ಬೈಯುವ ಮುಂಚೆ, ಅಲ್ಲಿದ್ದ ಹುದ್ದೆಗಳು ಯಾವುವು ಎಂದು ನೋಡಬೇಕು, ಅಲ್ವಾ?

ಆಡಿಸ್ ಅಬಾಬಾದಲ್ಲಿ ಕಂಡಿದ್ದು

ಮೇಳದಿಂದ ಏನಾಗುತ್ತದೆ ಎಂದು ಸರಿಯಾಗಿ ಅಳೆದ ಪ್ರಯೋಗಗಳು ತೀರಾ ಕಡಿಮೆ. ಅವುಗಳಲ್ಲಿ ಒಂದು ಇಥಿಯೋಪಿಯಾದ ರಾಜಧಾನಿ ಆಡಿಸ್ ಅಬಾಬಾದಲ್ಲಿ ನಡೆಯಿತು. ಸಂಶೋಧಕರು ಲಾಟರಿ ಎತ್ತಿದ ಹಾಗೆ ಕೆಲವು ಯುವಜನರನ್ನು, ಕೆಲವು ಕಂಪನಿಗಳನ್ನು ಆರಿಸಿ ಮೇಳಕ್ಕೆ ಕರೆದರು. ಉಳಿದವರನ್ನು ಕರೆಯಲಿಲ್ಲ. ಆಮೇಲೆ ಎರಡೂ ಗುಂಪುಗಳನ್ನು ಹೋಲಿಸಿದರು. ಫಲಿತಾಂಶ ಮೊದಲ ನೋಟಕ್ಕೆ ನಿರಾಶೆಯದು. ಮೇಳದಿಂದ ನೇರವಾಗಿ ಕೆಲಸ ಸಿಕ್ಕವರು ತುಂಬಾ ಕಡಿಮೆ.

ಕಾರಣ ಹುಡುಕಿದಾಗ ಕುತೂಹಲದ ವಿಷಯ ಸಿಕ್ಕಿತು. ಎರಡೂ ಕಡೆಯವರ ನಿರೀಕ್ಷೆ ವಾಸ್ತವಕ್ಕಿಂತ ಮೇಲಿತ್ತು. ಕೆಲಸ ಹುಡುಕುವವರು ಮಾರುಕಟ್ಟೆಯಲ್ಲಿ ಸಿಗುವುದಕ್ಕಿಂತ ಜಾಸ್ತಿ ಸಂಬಳ ಸಿಗುತ್ತದೆ ಎಂದುಕೊಂಡಿದ್ದರು. ಕಂಪನಿಗಳು ತಮಗೆ ಸಿಗುವುದಕ್ಕಿಂತ ಹೆಚ್ಚು ಅನುಭವಿಗಳು ಬರುತ್ತಾರೆ ಎಂದುಕೊಂಡಿದ್ದವು. ಮೇಳದಲ್ಲಿ ಮುಖಾಮುಖಿಯಾದಾಗ ಎರಡೂ ಕಡೆಯವರಿಗೆ ನಿಜ ಸ್ಥಿತಿ ಗೊತ್ತಾಯಿತು. ಅದಾದ ಮೇಲೆ ಇಬ್ಬರೂ ಬೇರೆ ದಾರಿಗಳಲ್ಲಿ ಹುಡುಕುವುದನ್ನು ಜಾಸ್ತಿ ಮಾಡಿದರು. ಕೊನೆಗೆ ಹೆಚ್ಚು ಓದದ ಯುವಜನರ ಉದ್ಯೋಗದ ಸ್ಥಿತಿ ನಿಜವಾಗಿಯೂ ಸುಧಾರಿಸಿತು. ಕೆಲಸ ಸಿಕ್ಕಿದ್ದು ಮೇಳದ ಟೇಬಲ್ಲಿನಲ್ಲಲ್ಲ, ಮೇಳದಿಂದ ಕಲಿತು ಆಮೇಲೆ ಹುಡುಕಿದ ಕಡೆ.

ಫಿಲಿಪೀನ್ಸ್‌ನ ಹಳ್ಳಿಗಳಲ್ಲಿ ನಡೆದ ಇನ್ನೊಂದು ಪ್ರಯೋಗವೂ ಇದೇ ದಿಕ್ಕಿನಲ್ಲಿದೆ. ಅಲ್ಲಿದ್ದದ್ದು ವಿದೇಶದ ಕೆಲಸಗಳ ಮೇಳ. ಹೋದವರಲ್ಲಿ ವಿದೇಶಕ್ಕೆ ಹೋದವರ ಸಂಖ್ಯೆ ಹೆಚ್ಚಲಿಲ್ಲ. ಆದರೆ ಕೆಲವು ತಿಂಗಳ ನಂತರ ನೋಡಿದಾಗ ಮೇಳಕ್ಕೆ ಹೋದವರು ತಮ್ಮ ಪ್ರದೇಶದ ಹೊರಗೂ ಕೆಲಸ ಹುಡುಕಲು ಶುರು ಮಾಡಿದ್ದರು. ನೋಂದಾಯಿತ ಸಂಸ್ಥೆಗಳಲ್ಲಿ ಕೆಲಸಕ್ಕೆ ಸೇರಿದವರು ಅವರಲ್ಲಿ ಹೆಚ್ಚಾಗಿದ್ದರು.

ಇದರಿಂದ ನನಗೆ ಅನ್ನಿಸುವುದು, ಮೇಳವನ್ನು ‘ಸ್ಥಳದಲ್ಲೇ ನೌಕರಿ’ ಎಂದು ಪ್ರಚಾರ ಮಾಡುವುದೇ ದೊಡ್ಡ ತಪ್ಪು. ಹಾಗೆ ಕರೆದಾಗ ಕೆಲಸ ಸಿಗದೆ ಹೋದವರು ತಾವೇ ಸೋತೆವು ಎಂದುಕೊಳ್ಳುತ್ತಾರೆ. ಅವರ ಕೈಯಲ್ಲಿ ಆ ದಿನ ಒಂದು ಬೆಲೆಬಾಳುವ ವಸ್ತು ಇರುತ್ತದೆ, ಅಂದರೆ ಮಾರುಕಟ್ಟೆಯ ಬಗ್ಗೆ ನಿಜವಾದ ಮಾಹಿತಿ. ಅದನ್ನು ಬಳಸಿಕೊಳ್ಳಲು ಯಾರೂ ಅವರಿಗೆ ಹೇಳಿಕೊಡುವುದಿಲ್ಲ.

ಆಡಿಸ್ ಅಬಾಬಾದಲ್ಲೇ ಹೋಲಿಸಿ ನೋಡಿದ ಇನ್ನೆರಡು ನೆರವುಗಳನ್ನೂ ಇಲ್ಲಿ ಹೇಳಬೇಕು. ಕೆಲವರಿಗೆ ಕೆಲಸ ಹುಡುಕಲು ಊರಿನ ಮಧ್ಯಭಾಗಕ್ಕೆ ಬರುವ ಬಸ್ ಖರ್ಚು ಕೊಟ್ಟರು. ಇನ್ನು ಕೆಲವರಿಗೆ ರೆಸ್ಯೂಮ್ ಬರೆಯುವುದು, ಇಂಟರ್‌ವ್ಯೂ ಎದುರಿಸುವುದು ಕಲಿಸಿ, ಅವರ ಕೌಶಲಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟರು. ಮೊದಲ ಕೆಲವು ತಿಂಗಳಲ್ಲಿ ಎರಡೂ ಗುಂಪಿನವರಿಗೆ ಕಾಯಂ ಅಥವಾ ನಿಯಮಬದ್ಧ ಕೆಲಸ ಸಿಗುವ ಸಾಧ್ಯತೆ ಹೆಚ್ಚಿತು. ನಾಲ್ಕು ವರ್ಷದ ನಂತರ ಮತ್ತೆ ನೋಡಿದರೆ ಬಸ್ ಖರ್ಚಿನ ಪರಿಣಾಮ ಮಾಯವಾಗಿತ್ತು. ತರಬೇತಿ ಮತ್ತು ಪ್ರಮಾಣಪತ್ರ ಪಡೆದವರ ಗಳಿಕೆ ಮಾತ್ರ ಸುಮಾರು 20 ಶೇಕಡಾ ಮೇಲಿತ್ತು. ತಮ್ಮ ಕೌಶಲವನ್ನು ಅಪರಿಚಿತರಿಗೆ ತೋರಿಸಿಕೊಡಲು ಬಡವರ ಮಕ್ಕಳ ಬಳಿ ದಾಖಲೆ ಇರುವುದಿಲ್ಲ. ಮೇಳದ ಹಿಂದಿನ ವಾರ ಒಂದು ಪರೀಕ್ಷೆ, ಒಂದು ಪ್ರಮಾಣಪತ್ರ ಇದ್ದರೆ ಮೇಳದ ದಿನ ಟೇಬಲ್ ಎದುರಿನ ಎರಡು ನಿಮಿಷದ ಮಾತಿಗೆ ಬೇರೆಯೇ ತೂಕ ಬರುತ್ತದೆ.

ದುಡ್ಡು ಕೊಟ್ಟರೆ ಸೋಮಾರಿಗಳಾಗುತ್ತಾರಾ?

ಈಗ ಭತ್ಯೆಯ ವಿಷಯಕ್ಕೆ ಬರೋಣ. ನಿರುದ್ಯೋಗ ಭತ್ಯೆ ಸಿಗುವವರು ಸಿಗದವರಿಗಿಂತ ಸ್ವಲ್ಪ ಹೆಚ್ಚು ದಿನ ಕೆಲಸವಿಲ್ಲದೆ ಇರುತ್ತಾರೆ. ಇದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿರುವ ಸಂಗತಿ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಪ್ರಶ್ನೆ ಇರುವುದು ಯಾಕೆ ಎಂಬಲ್ಲಿ.

ಅಮೆರಿಕದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ 2008ರಲ್ಲಿ ಇದನ್ನು ಬಿಡಿಸಿ ನೋಡಿದರು. ಕೈಯಲ್ಲಿ ಉಳಿತಾಯ ಇದ್ದವರ ಮೇಲೆ ಭತ್ಯೆಯಿಂದ ಹೆಚ್ಚೇನೂ ಪರಿಣಾಮ ಆಗಲಿಲ್ಲ. ಕೈ ಬರಿದಾಗಿದ್ದವರ ಮೇಲೆ ಆಯಿತು. ಹೆಚ್ಚಾದ ಅವಧಿಯಲ್ಲಿ ಸುಮಾರು 60 ಶೇಕಡಾ ಭಾಗಕ್ಕೆ ಕಾರಣ ಸೋಮಾರಿತನವಲ್ಲ, ಕೈಯಲ್ಲಿ ಕಾಸಿಲ್ಲದೆ ಸಿಕ್ಕಿದ್ದನ್ನು ಹಿಡಿಯಬೇಕಾದ ಒತ್ತಡ ಕಡಿಮೆಯಾಗಿದ್ದು ಎಂದು ಅವರ ಲೆಕ್ಕ ಹೇಳಿತು. ಉಳಿತಾಯ ಇರುವವರು ತಮ್ಮ ದುಡ್ಡಿನಲ್ಲಿ ಕಾದು ಒಳ್ಳೆಯ ಕೆಲಸ ಹಿಡಿದರೆ ಅದನ್ನು ಜಾಣತನ ಎನ್ನುತ್ತೇವೆ. ಉಳಿತಾಯ ಇಲ್ಲದವರು ಭತ್ಯೆಯಿಂದ ಅದನ್ನೇ ಮಾಡಿದರೆ ಮಾತ್ರ ಬೇರೆ ಹೆಸರು ಇಡುತ್ತೇವೆ.

ಕಾದವರಿಗೆ ಒಳ್ಳೆಯ ಸಂಬಳ ಸಿಗುತ್ತದೆಯೇ? ಇದಕ್ಕೆ ಉತ್ತರ ಒಂದೇ ಥರ ಇಲ್ಲ. ಆಸ್ಟ್ರಿಯಾದಲ್ಲಿ 40 ವರ್ಷ ದಾಟಿದವರಿಗೆ ಭತ್ಯೆಯ ಅವಧಿ 30 ವಾರದಿಂದ 39 ವಾರಕ್ಕೆ ಏರುತ್ತಿತ್ತು. ಅವರ ಮುಂದಿನ ಸಂಬಳ ಸರಾಸರಿ ಅರ್ಧ ಶೇಕಡಾದಷ್ಟು ಮೇಲಿತ್ತು. ಜರ್ಮನಿಯಲ್ಲಿ ಹೆಚ್ಚು ಅವಧಿ ಭತ್ಯೆ ಪಡೆದವರ ಸಂಬಳ ಸ್ವಲ್ಪ ಇಳಿದಿತ್ತು. ಅಂದರೆ ಕಾಯಲು ಬಿಟ್ಟರೆ ಸಾಕು ಎನ್ನುವಂತೆಯೂ ಇಲ್ಲ. ತುಂಬಾ ದಿನ ಕೆಲಸವಿಲ್ಲದೆ ಇದ್ದರೆ ಅದೇ ಒಂದು ಕಳಂಕವಾಗಿ ಅಂಟಿಕೊಳ್ಳುತ್ತದೆ. ಅಮೆರಿಕದ 100 ದೊಡ್ಡ ನಗರ ಪ್ರದೇಶಗಳಲ್ಲಿ ಸಂಶೋಧಕರು ಸುಮಾರು 12,000 ಕಾಲ್ಪನಿಕ ಅರ್ಜಿಗಳನ್ನು ಕಳಿಸಿದರು. ಎಲ್ಲದರಲ್ಲೂ ಓದು, ಅನುಭವ ಒಂದೇ ಮಟ್ಟದ್ದು, ಕೆಲಸವಿಲ್ಲದ ತಿಂಗಳುಗಳು ಮಾತ್ರ ಬೇರೆ ಬೇರೆ. ಮೊದಲ ಎಂಟು ತಿಂಗಳಲ್ಲಿ ಇಂಟರ್‌ವ್ಯೂ ಕರೆ ಬರುವ ಪ್ರಮಾಣ ಜೋರಾಗಿ ಕುಸಿಯುತ್ತಾ ಹೋಯಿತು. ಮನುಷ್ಯ ಅದೇ, ಅರ್ಹತೆ ಅದೇ. ಕಾಗದದ ಮೇಲಿನ ಖಾಲಿ ಜಾಗ ನೋಡಿಯೇ ಅರ್ಜಿ ಪಕ್ಕಕ್ಕೆ ಹೋಗುತ್ತದೆ.

ಹಾಗಾಗಿ ಭತ್ಯೆ ಕಾಯುವ ಶಕ್ತಿ ಕೊಡಬೇಕು. ಅದೇ ಹೊತ್ತಿಗೆ ಕಾಯುವ ಅವಧಿ ಚಿಕ್ಕದಾಗುವಂತೆ ಮಾಡುವ ಇನ್ನೊಂದು ವ್ಯವಸ್ಥೆಯೂ ಪಕ್ಕದಲ್ಲಿ ಇರಬೇಕು. ಫಿನ್ಲೆಂಡ್ 2017 ಮತ್ತು 2018ರಲ್ಲಿ 2000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟಿತು. ಕೆಲಸ ಸಿಕ್ಕಿದರೂ ಆ ಹಣ ನಿಲ್ಲುತ್ತಿರಲಿಲ್ಲ. ಅವರು ಸೋಮಾರಿಗಳಾಗಲಿಲ್ಲ. ಹೋಲಿಕೆಯ ಗುಂಪಿಗಿಂತ ವರ್ಷಕ್ಕೆ ಸುಮಾರು ಆರು ದಿನ ಹೆಚ್ಚೇ ದುಡಿದರು. ಮನಸ್ಸಿನ ನೆಮ್ಮದಿ, ನಾಳೆಯ ಮೇಲಿನ ಭರವಸೆ ಅವರಲ್ಲಿ ಜಾಸ್ತಿ ಇತ್ತು. ಆದರೆ ಆರು ದಿನ ಅಂದರೆ ಆರು ದಿನವೇ. ಹಣ ಒಂದೇ ನೌಕರಿ ತಂದುಕೊಡಲಿಲ್ಲ.

ಬೆಂಬಲ ಸಾಲದೇ ಹೋದರೆ ಜನ ಹಟ ಹಿಡಿದು ಕೆಲಸ ಹುಡುಕುತ್ತಾರೆ ಎಂದುಕೊಳ್ಳುವವರು ಮರಿಯೆಂಟಾಲ್ ಊರಿನ ಕಥೆ ತಿಳಿಯಬೇಕು. ಆಸ್ಟ್ರಿಯಾದ ವಿಯೆನ್ನಾ ಹತ್ತಿರದ ಈ ಊರು ಒಂದೇ ಒಂದು ಬಟ್ಟೆ ಕಾರ್ಖಾನೆಯ ಮೇಲೆ ನಿಂತಿತ್ತು. 1930ರ ಹೊತ್ತಿಗೆ ಅದು ಮುಚ್ಚಿತು. ಮರಿ ಯಹೋಡಾ, ಪಾಲ್ ಲಜಾರ್ಸ್‌ಫೆಲ್ಡ್, ಹಾನ್ಸ್ ಜೈಸಲ್ ಎಂಬ ಸಂಶೋಧಕರ ತಂಡ ಅಲ್ಲಿಗೆ ಹೋಗಿ ಜನಜೀವನ ಗಮನಿಸಿ 1933ರಲ್ಲಿ ವರದಿ ಪ್ರಕಟಿಸಿತು. ಸಿಗುತ್ತಿದ್ದ ನೆರವು ಅಲ್ಪ, ಅದೂ ಅವಧಿ ಮುಗಿದಂತೆ ಇಳಿಯುತ್ತಿತ್ತು. ಜನರ ಬಳಿ ದಿನಪೂರ್ತಿ ಬಿಡುವಿತ್ತು, ಆದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಅರ್ಧದಷ್ಟು ಕುಸಿಯಿತು. ಶುಲ್ಕ ತೆಗೆದರೂ ಅದು ಹೆಚ್ಚಲಿಲ್ಲ. ಗಂಡಸರು ಬೀದಿಯಲ್ಲಿ ನಿಧಾನವಾಗಿ ನಡೆಯತೊಡಗಿದರು, ದಾರಿಯಲ್ಲಿ ಮತ್ತೆ ಮತ್ತೆ ನಿಲ್ಲುತ್ತಿದ್ದರು. ಬಂಡಾಯ ಏಳುತ್ತಾರೆ ಎಂದುಕೊಂಡ ಕಡೆ ಜನ ಮುದುಡಿ ಕೂತರು. ಹಸಿವು ಮನುಷ್ಯನನ್ನು ಚುರುಕು ಮಾಡುತ್ತದೆ ಎಂಬ ನಂಬಿಕೆ ಅಲ್ಲಿ ಸುಳ್ಳಾಯಿತು.

ಒಂದೇ ಕಿಟಕಿ

ಬ್ರಿಟನ್ 1909ರಲ್ಲಿ ಕಾರ್ಮಿಕ ವಿನಿಮಯ ಕೇಂದ್ರಗಳ, ಅಂದರೆ ಕೆಲಸ ಹುಡುಕುವವರನ್ನು ಖಾಲಿ ಹುದ್ದೆಗಳಿಗೆ ಜೋಡಿಸುವ ಸರ್ಕಾರಿ ಕಚೇರಿಗಳ ಕಾನೂನು ಮಾಡಿತು. ಆಗ ವಾಣಿಜ್ಯ ಖಾತೆ ನೋಡುತ್ತಿದ್ದವರು ವಿನ್‌ಸ್ಟನ್ ಚರ್ಚಿಲ್, ಯೋಜನೆ ರೂಪಿಸಿದವರಲ್ಲಿ ಮುಖ್ಯರು ವಿಲಿಯಂ ಬೆವರಿಜ್. 1910ರ ಫೆಬ್ರವರಿ 1ರಂದು ಕೇಂದ್ರಗಳು ತೆರೆದವು. ಮರುವರ್ಷವೇ ರಾಷ್ಟ್ರೀಯ ವಿಮಾ ಕಾನೂನು ಬಂತು. ಕಟ್ಟಡ, ಹಡಗು ನಿರ್ಮಾಣ, ಯಂತ್ರೋದ್ಯಮದಂಥ ಕೆಲವು ವೃತ್ತಿಗಳ ಸುಮಾರು 22 ಲಕ್ಷ ಕಾರ್ಮಿಕರಿಗೆ ಕೆಲಸ ಹೋದರೆ ವಾರಕ್ಕೆ 7 ಶಿಲಿಂಗ್, ವರ್ಷದಲ್ಲಿ ಹೆಚ್ಚೆಂದರೆ 15 ವಾರ. ಆ ಹಣ ಪಡೆಯಲು ಹೋಗಬೇಕಾಗಿದ್ದು ಅದೇ ವಿನಿಮಯ ಕೇಂದ್ರಕ್ಕೆ. ಕೆಲಸ ಖಾಲಿ ಇದೆಯೇ ಎಂದು ಹೇಳುವ ಕಿಟಕಿಯೂ ಭತ್ಯೆ ಕೊಡುವ ಕಿಟಕಿಯೂ ಒಂದೇ. ಹೊಂದುವ ಕೆಲಸ ಇದ್ದರೆ ಕೆಲಸ, ಇಲ್ಲದಿದ್ದರೆ ಹಣ. ಜರ್ಮನಿ 1927ರಲ್ಲಿ ಇವೆರಡನ್ನೂ ಒಂದೇ ಕಾನೂನಿನೊಳಗೆ ತಂದಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿದ 1919ರಲ್ಲೇ ಅದರ ಎರಡನೇ ಒಪ್ಪಂದ ನಿರುದ್ಯೋಗದ ಬಗ್ಗೆ ಇತ್ತು. ಶುಲ್ಕವಿಲ್ಲದ ಸರ್ಕಾರಿ ಉದ್ಯೋಗ ಕಚೇರಿಗಳು ಇರಬೇಕು ಎಂದು ಅದು ಹೇಳಿತು.

ಈ ಜೋಡಣೆ ಹದ ತಪ್ಪಿದರೆ ಹಿಂಸೆಯೂ ಆಗುತ್ತದೆ. ಹಲವು ದೇಶಗಳಲ್ಲಿ ಭತ್ಯೆ ಬೇಕೆಂದರೆ ಇಷ್ಟು ಅರ್ಜಿ ಹಾಕಿದ ಸಾಕ್ಷಿ ತೋರಿಸಬೇಕು. ಆಗ ಜನ ಲೆಕ್ಕ ತುಂಬಿಸಲು ಸುಮ್ನೆ ಅರ್ಜಿ ಹಾಕುತ್ತಾರೆ. ಕಂಪನಿಗಳಿಗೆ ಕಸ ಬಂದು ಬೀಳುತ್ತದೆ, ನಿಜವಾಗಿ ಬೇಕಾದವರ ಅರ್ಜಿ ಅದರಡಿ ಹೂತು ಹೋಗುತ್ತದೆ. ಮೇಳಕ್ಕೆ ಬಂದು ಸಹಿ ಹಾಕಿದರೆ ಭತ್ಯೆ ಎಂಬ ನಿಯಮ ಮಾಡಿದರೂ ಇದೇ ಕಥೆ. ಸಾಲು ಉದ್ದವಾಗುತ್ತದೆ, ಜೋಡಣೆ ಆಗುವುದಿಲ್ಲ.

ಈಗಿನ ಸ್ಥಿತಿ ಏನು? ಕಾರ್ಮಿಕ ಸಂಸ್ಥೆಯ ಲೆಕ್ಕದ ಪ್ರಕಾರ ಜಗತ್ತಿನ ನಿರುದ್ಯೋಗಿಗಳಲ್ಲಿ ಐವರಲ್ಲಿ ಒಬ್ಬರಿಗೂ ಭತ್ಯೆ ಸಿಗುವುದಿಲ್ಲ. ವಿಮೆಯ ಮಾದರಿಯಲ್ಲಿ ಹಣ ಸಿಗಬೇಕಾದರೆ ಮೊದಲು ಕೆಲಸ ಮಾಡಿ ವಂತಿಗೆ ಕಟ್ಟಿರಬೇಕು. ಮೊದಲ ಕೆಲಸವನ್ನೇ ಹುಡುಕುತ್ತಿರುವವರು, ದಿನಗೂಲಿಯವರು, ಸ್ವಂತ ದುಡಿಮೆಯವರು ಹೊರಗೆ ಉಳಿಯುತ್ತಾರೆ. ಭಾರತದ ಇಎಸ್ಐ (ನೌಕರರ ರಾಜ್ಯ ವಿಮೆ) ಅಡಿಯ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ 2018ರಲ್ಲಿ ಶುರುವಾಯಿತು. ಕೆಲಸ ಕಳೆದುಕೊಂಡ ವಿಮಾದಾರರಿಗೆ ಗರಿಷ್ಠ 90 ದಿನ ನೆರವು. 2020ರಲ್ಲಿ ಅದರ ಪ್ರಮಾಣವನ್ನು ಸರಾಸರಿ ಗಳಿಕೆಯ 25 ಶೇಕಡಾದಿಂದ 50ಕ್ಕೆ ಏರಿಸಿದರು. ಅದು ವಿಮೆಯ ಮಾದರಿ. ಕರ್ನಾಟಕದ ಯುವನಿಧಿ ಇನ್ನೊಂದು ತುದಿಯದು. ಓದು ಮುಗಿಸಿ 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಆದವರಿಗೆ 1500, ಹೆಚ್ಚೆಂದರೆ ಎರಡು ವರ್ಷ. ಹಣ ಕೊಡುವುದು 2024ರ ಜನವರಿಯಲ್ಲಿ ಶುರುವಾಯಿತು. ಮೊದಲನೆಯದು ಕೆಲಸ ಕಳೆದುಕೊಂಡವರಿಗೆ, ಎರಡನೆಯದು ಕೆಲಸವನ್ನೇ ಕಾಣದವರಿಗೆ. ನಡುವೆ ದೊಡ್ಡ ಜಾಗ ಖಾಲಿ ಇದೆ. ಹತ್ತನೇ ತರಗತಿಯಲ್ಲಿ ನಿಂತವರು, ಮಕ್ಕಳನ್ನು ಬೆಳೆಸಿ ಹತ್ತು ವರ್ಷದ ನಂತರ ಮತ್ತೆ ದುಡಿಯಲು ಹೊರಟ ಹೆಂಗಸರು, ವಿಮೆಯೇ ಇಲ್ಲದ ಕಡೆ ದುಡಿದು ಹೊರಬಿದ್ದವರು ಈ ಎರಡರಲ್ಲೂ ಸೇರುವುದಿಲ್ಲ. ಅವರು ಲೆಕ್ಕದಿಂದಲೂ ಜಾರುತ್ತಾರೆ. ಯಾಕೆಂದರೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವ್ಯಾಖ್ಯೆಯಂತೆ ನಿರುದ್ಯೋಗದ ಅಂಕಿಯಲ್ಲಿ ಸೇರಬೇಕಾದರೆ ಇತ್ತೀಚೆಗೆ ಕೆಲಸ ಹುಡುಕಿರಬೇಕು. ಬೇಸತ್ತು ಹುಡುಕುವುದನ್ನೇ ಬಿಟ್ಟವರು ಅದರಲ್ಲಿ ಇರುವುದಿಲ್ಲ.

ಮೇಳ, ಭತ್ಯೆ, ತರಬೇತಿ ಮೂರೂ ಚೆನ್ನಾಗಿ ನಡೆದರೂ ಒಂದು ಮಿತಿ ಇದೆ. ಫ್ರಾನ್ಸ್‌ನಲ್ಲಿ 235 ಉದ್ಯೋಗ ಕಚೇರಿಗಳ ವ್ಯಾಪ್ತಿಯಲ್ಲಿ ಓದಿದ ಯುವ ನಿರುದ್ಯೋಗಿಗಳಿಗೆ ವಿಶೇಷ ಮಾರ್ಗದರ್ಶನ ಕೊಟ್ಟು ದೊಡ್ಡ ಪ್ರಯೋಗ ಮಾಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ನೆರವು ಸಿಕ್ಕವರಿಗೆ ಬೇಗ ಕೆಲಸ ಸಿಕ್ಕಿತು. ಆದರೆ ಅದರಲ್ಲಿ ಒಂದು ಭಾಗ ನೆರವು ಸಿಗದ ಪಕ್ಕದವರಿಂದ ತಪ್ಪಿ ಬಂದಿತ್ತು. ಕೆಲಸಗಳೇ ಕಡಿಮೆ ಇದ್ದ ಕಡೆ ಈ ಪರಿಣಾಮ ಜಾಸ್ತಿ. ಹುದ್ದೆಗಳು ಹತ್ತೇ ಇರುವಾಗ ಮೇಳ ಮಾಡಿದರೆ ಸಾಲಿನಲ್ಲಿ ಯಾರು ಮುಂದೆ ಎಂಬುದು ಬದಲಾಗುತ್ತದೆ, ಹತ್ತು ಹನ್ನೊಂದಾಗುವುದಿಲ್ಲ. ಕಾರ್ಖಾನೆ, ವ್ಯಾಪಾರ, ಸರ್ಕಾರದ ಖಾಲಿ ಹುದ್ದೆಗಳ ಭರ್ತಿ, ಇವಕ್ಕೆಲ್ಲ ಬೇರೆ ನಿರ್ಧಾರಗಳು ಬೇಕು. ಮೇಳಗಳ ಸಂಖ್ಯೆ ತೋರಿಸಿ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಬಿಡಬಾರದು.

ಮೇಳಕ್ಕೆ ಹೋಗುವವರಿಗೆ

ಇಷ್ಟೆಲ್ಲ ಹೇಳಿಯೂ, ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೋಗಿ. ಆದರೆ ಕೆಲವು ಪ್ರಶ್ನೆಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಸಂಬಳ ಕೊಡುವವರು ಆ ಕಂಪನಿಯೇ ಅಥವಾ ನಡುವೆ ಗುತ್ತಿಗೆದಾರರಿದ್ದಾರೆಯೇ? ಹೇಳಿದ ಸಂಬಳದಲ್ಲಿ ಕಡಿತವೆಲ್ಲ ಹೋಗಿ ಕೈಗೆ ಬರುವುದು ಎಷ್ಟು? ಕೆಲಸದ ಜಾಗ ಎಲ್ಲಿ, ಉಳಿಯುವ ಖರ್ಚು ಯಾರದು? ಇಷ್ಟು ಕಾಲ ಕೆಲಸ ಬಿಡಬಾರದು ಎಂಬ ಬಾಂಡ್ ಇದೆಯೇ? ಸೇರುವ ದಿನಾಂಕ ಕಾಗದದ ಮೇಲೆ ಯಾವಾಗ ಸಿಗುತ್ತದೆ? ಬೇರೆ ಊರಿನ ಕೆಲಸವಾದರೆ ಮೊದಲ ಸಂಬಳ ಬರುವವರೆಗಿನ ಬಾಡಿಗೆ, ಊಟಕ್ಕೆ ದುಡ್ಡಿಲ್ಲದೆ ಆಫರ್ ಲೆಟರ್ ಇದ್ದೂ ಬಿಟ್ಟವರು ಎಷ್ಟೋ ಜನ. ಭತ್ಯೆ ನಿಜವಾಗಿ ಬೇಕಾಗುವುದು ಆ ತಿಂಗಳಲ್ಲಿ. ಸೇರಿದ ದಿನವೇ ಅದನ್ನು ನಿಲ್ಲಿಸದೆ ಇನ್ನೂ ಒಂದೆರಡು ತಿಂಗಳು ಕೊಡಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಕೆಲಸ ಕೊಡಿಸಲು ಯಾರಾದರೂ ನೋಂದಣಿ ಶುಲ್ಕ, ಠೇವಣಿ, ಯೂನಿಫಾರ್ಮ್ ದುಡ್ಡು ಎಂದು ಮುಂಗಡ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸ ಹುಡುಕುವವರಿಂದ ಹಣ ತೆಗೆದುಕೊಳ್ಳಬಾರದು ಎಂಬುದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ ಒಪ್ಪಂದದ ಮೂಲ ನಿಯಮ. ಜನರನ್ನು ಹುಡುಕುವ ಖರ್ಚು ಕಂಪನಿಯದು.

ಆಯ್ಕೆ ಆಗದಿದ್ದರೆ ಸುಮ್ಮನೆ ಎದ್ದು ಬರಬೇಡಿ. ‘ನನ್ನಲ್ಲಿ ಏನು ಇದ್ದಿದ್ದರೆ ತೆಗೆದುಕೊಳ್ಳುತ್ತಿದ್ದಿರಿ?’ ಎಂದು ಎದುರಿಗಿರುವವರನ್ನು ಕೇಳಿ. ಹಲವರು ಹೇಳುತ್ತಾರೆ. ಐದು ಟೇಬಲ್‌ಗಳಲ್ಲಿ ಕೇಳಿ ಬರೆದುಕೊಳ್ಳಿ. ಮೂರು ಕಡೆ ಟೈಪಿಂಗ್ ಎಂದೋ ಟ್ಯಾಲಿ ಎಂದೋ ಡ್ರೈವಿಂಗ್ ಲೈಸೆನ್ಸ್ ಎಂದೋ ಒಂದೇ ಉತ್ತರ ಬಂದರೆ ಮುಂದಿನ ಎರಡು ತಿಂಗಳು ಏನು ಮಾಡಬೇಕು ಎಂದು ನಿಮಗೆ ಗೊತ್ತಾಗಿರುತ್ತದೆ.